ಬ್ಲಾಕ್ ತೆಗೆದ ಮೇಲೂ ಹೃದಯ ಯಾಕೆ ಸೋಲುತ್ತದೆ? ರಕ್ತ ವಾಪಸ್ ಬಂದಾಗ ಆಗುವ ಹಾನಿಯ ವಿಚಾರ

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದವಲ್ಲ, ಅಲ್ಲಿಂದೀಚೆಗೆ ನಮ್ಮ ಕಡೆಯೂ ಹೃದಯದ ಸುದ್ದಿ ಬಂದರೆ ಜನ ಎರಡು ಸಲ ಓದುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಲ್ಲೇ ಹೋದರೂ ಚಹಾದಂಗಡಿಯಲ್ಲಿ ಇದೇ ಮಾತು. ಜೊತೆಗೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿ, ಹೃದಯಾಘಾತ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಸೂಜಿಯನ್ನು ಬಿಟ್ಟಿ ಮಾಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಸೂಜಿ ಅದು.

ಇಲ್ಲಿಯ ತನಕ ಎಲ್ಲ ಸರಿ. ಗೊಂದಲ ಹುಟ್ಟುವುದು ಇನ್ನೊಂದು ಥರದ ಸುದ್ದಿಯಿಂದ. "ಬ್ಲಾಕ್ ತೆಗೆದಿದ್ದರು, ಸ್ಟೆಂಟ್ ಹಾಕಿದ್ದರು, ರಕ್ತ ಹರಿಯುತ್ತಿತ್ತು, ಆದರೂ ಎರಡು ದಿನಕ್ಕೆ ತೀರಿಕೊಂಡರು." ಓದಿದವರಿಗೆ ಸಹಜವಾಗಿ ಡಾಕ್ಟರ ಮೇಲೆ ಅನುಮಾನ ಬರುತ್ತದೆ. ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ ಬರುವ ಮಾತು ಇನ್ನೂ ಕೆಟ್ಟದ್ದು: ನಿಂತ ರಕ್ತ ಮತ್ತೆ ಹರಿದರೇ ಹೃದಯ ಹಾಳಾಗುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ, ಸೂಜಿ ಮಾಡಿಸ್ಕೋಬೇಡಿ.

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇದು ಅಪಾಯ. ರಕ್ತ ವಾಪಸ್ ಬಂದಾಗ ಅಂಗಕ್ಕೆ ಹೊಸದಾಗಿ ಒಂದಿಷ್ಟು ಹಾನಿ ಆಗುವುದು ಸತ್ಯ. 1960ರಿಂದಲೂ ಗೊತ್ತಿರುವ ವಿಷಯ ಇದು. ಆದರೆ ಆ ಹಾನಿ ಎಷ್ಟು ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ರಕ್ತ ಎಷ್ಟು ಹೊತ್ತು ನಿಂತಿತ್ತು ಅನ್ನುವುದು. ಹಾಗಾಗಿ ಈ ವಿಜ್ಞಾನವನ್ನು ಪೂರ್ತಿ ಓದಿದರೆ "ಸೂಜಿ ಬೇಡ" ಅನ್ನುವ ತೀರ್ಮಾನ ಬರುವುದಿಲ್ಲ, "ಸೂಜಿ ಇನ್ನೂ ಬೇಗ ಬೇಕು" ಅನ್ನುವ ತೀರ್ಮಾನ ಬರುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ರಕ್ತ ನಿಂತಾಗ ಜೀವಕೋಶದೊಳಗೆ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿತು ಅಂದುಕೊಳ್ಳಿ. ಮೊದಲು ನಿಲ್ಲುವುದು ಆಮ್ಲಜನಕ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಭಾಗಗಳಿರುತ್ತವೆ. ಆಮ್ಲಜನಕ ಇಲ್ಲದೆ ಅವು ಕೆಲಸ ಮಾಡಲಾರವು. ಎಟಿಪಿ ಅನ್ನುವ ಶಕ್ತಿಯ ಅಣು ಕಡಿಮೆಯಾಗುತ್ತದೆ. ಕೋಶ ಆಗ ಆಮ್ಲಜನಕ ಇಲ್ಲದೆಯೇ ಸಕ್ಕರೆ ಒಡೆದು ಹೇಗೋ ನಡೆಸಲು ನೋಡುತ್ತದೆ. ಅದರಿಂದ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಒಳಗೆಲ್ಲ ಹುಳಿಯಾಗುತ್ತದೆ.

ಈ ಹುಳಿಯನ್ನು ಹೊರಹಾಕಲು ಕೋಶ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸೋಡಿಯಂ ಜಾಸ್ತಿಯಾದಾಗ ಅದನ್ನು ಕಳಿಸಲು ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಾಲ ತೀರಿಸಲು ಸಾಲ. ಸ್ನಾಯುವಿನ ಕೋಶಕ್ಕೆ ಕ್ಯಾಲ್ಸಿಯಂ ಅಂದರೆ "ಬಿಗಿ" ಅನ್ನುವ ಸಂದೇಶ. ಅದು ಮಿತಿ ಮೀರಿ ತುಂಬಿದರೆ ಸ್ನಾಯು ಬಿಗಿದದ್ದು ಸಡಿಲವಾಗುವುದೇ ಇಲ್ಲ.

ಆದರೆ ವಿಚಿತ್ರ ಅಂದರೆ, ರಕ್ತ ನಿಂತಿರುವ ತನಕ ಆ ಹುಳಿಯೇ ಒಂದು ಥರ ಕಾವಲು. ಮೈಟೊಕಾಂಡ್ರಿಯಾದ ಪೊರೆಯಲ್ಲಿ ಒಂದು ರಂಧ್ರ ಇದೆ. ಅದು ದೊಡ್ಡದಾಗಿ ತೆರೆದುಕೊಂಡು ಹಾಗೇ ಉಳಿದರೆ ಕೋಶದ ಕತೆ ಮುಗಿಯಿತು. ಹುಳಿ ಇರುವಷ್ಟು ಹೊತ್ತು ಆ ರಂಧ್ರ ಮುಚ್ಚಿಕೊಂಡೇ ಇರುತ್ತದೆ.

ಇನ್ನೂ ಒಂದು ವಸ್ತು ಈ ಹೊತ್ತಿನಲ್ಲಿ ಸದ್ದಿಲ್ಲದೆ ಜಮೆಯಾಗುತ್ತಿರುತ್ತದೆ, ಅದರ ಹೆಸರು ಸಕ್ಸಿನೇಟ್. ಆಗ ಅದರಿಂದ ಏನೂ ತೊಂದರೆ ಇಲ್ಲ.

ವಾಪಸ್ ಬಂದ ಮೊದಲ ಕೆಲವು ನಿಮಿಷ

ಈಗ ಸೂಜಿ ಕೆಲಸ ಮಾಡಿತು, ಅಥವಾ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಹೃದಯದ ನಾಳಕ್ಕೆ ಸಣ್ಣ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಬಲೂನು ಉಬ್ಬಿಸಿ ನಾಳ ತೆರೆದರು. ರಕ್ತ ನುಗ್ಗಿತು. ಆಮ್ಲಜನಕ ಬಂತು. ಕರೆಂಟ್ ಹೋಗಿ ಒಮ್ಮೆಲೇ ಜೋರಾಗಿ ಬಂದಾಗ ಹೊಲದ ಪಂಪ್‌ಸೆಟ್ ಮೋಟರ್ ಸುಟ್ಟುಹೋಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ ಆಗುತ್ತದೆ ಇಲ್ಲಿ. ಜಮೆಯಾಗಿದ್ದ ಸಕ್ಸಿನೇಟ್ ಎಲ್ಲ ಒಂದೇ ಸಲ ಉರಿಯುತ್ತದೆ. ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ಹರಿದು ಸೂಪರಾಕ್ಸೈಡ್ ಅನ್ನುವ, ಸಿಕ್ಕಿದ್ದನ್ನೆಲ್ಲ ಸುಡುವ ಆಮ್ಲಜನಕದ ರೂಪ ಒಮ್ಮೆಲೇ ಉಕ್ಕುತ್ತದೆ. ಕೇಂಬ್ರಿಡ್ಜ್‌ನ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಅಲ್ಲಿಯ ತನಕ ಈ ಉಕ್ಕು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಇಷ್ಟು ಸ್ಪಷ್ಟ ಉತ್ತರ ಇರಲಿಲ್ಲ.

ಅದೇ ಹೊತ್ತಿಗೆ ಹರಿಯುವ ರಕ್ತ ಹುಳಿಯನ್ನು ತೊಳೆದುಬಿಡುತ್ತದೆ. ಕಾವಲು ಹೋಯಿತು. ಕ್ಯಾಲ್ಸಿಯಂ ತುಂಬಿದೆ, ಸೂಪರಾಕ್ಸೈಡ್ ಉಕ್ಕುತ್ತಿದೆ, ರಂಧ್ರ ತೆರೆದುಕೊಳ್ಳುತ್ತದೆ. ಬದುಕಬಹುದಾಗಿದ್ದ ಕೆಲವು ಕೋಶಗಳು ರಕ್ತ ಬಂದ ಮೇಲೆ ಸಾಯುತ್ತವೆ. ಎಟಿಪಿ ವಾಪಸ್ ಬಂದದ್ದೂ ಒಂದು ಸಮಸ್ಯೆಯೇ, ಯಾಕಂದರೆ ಕ್ಯಾಲ್ಸಿಯಂ ತುಂಬಿದ ಸ್ನಾಯುವಿಗೆ ಈಗ ಬಿಗಿಯಲು ಶಕ್ತಿಯೂ ಸಿಕ್ಕಿತು, ಹೀಗಾಗಿ ಅದು ತನ್ನ ಪೊರೆಯನ್ನೇ ಹರಿದುಕೊಳ್ಳುವಷ್ಟು ಬಿಗಿಯುತ್ತದೆ.

ಇದರ ಒಂದು ಗುರುತನ್ನು ತಾಲ್ಲೂಕು ಆಸ್ಪತ್ರೆಯ ಮಾನಿಟರಿನಲ್ಲೇ ನೋಡಬಹುದು. ಸೂಜಿ ಫಲ ಕೊಟ್ಟರೆ ಗಂಟೆ, ಒಂದೂವರೆ ಗಂಟೆಯೊಳಗೆ ಎದೆನೋವು ಇಳಿಯುತ್ತದೆ. ಇಸಿಜಿಯಲ್ಲಿ ಮೇಲಕ್ಕೆದ್ದಿದ್ದ ಎಸ್‌ಟಿ ಗೆರೆ ಅರ್ಧಕ್ಕರ್ಧ ಕೆಳಗೆ ಬರುತ್ತದೆ. ಅದೇ ವೇಳೆಗೆ, ಅಷ್ಟು ಹೊತ್ತು ಕಿರಿದಾಗಿ ಓಡುತ್ತಿದ್ದ ಬಡಿತದ ಗೆರೆಗಳು ಇದ್ದಕ್ಕಿದ್ದಂತೆ ಅಗಲವಾಗಿ, ಬೇರೆಯೇ ಆಕಾರದಲ್ಲಿ ಬರತೊಡಗಬಹುದು. ಯಂತ್ರ ಕೂಗುತ್ತದೆ, ಮನೆಯವರು ಗಾಬರಿಯಾಗಿ ನರ್ಸನ್ನು ಕರೆಯುತ್ತಾರೆ. ನರ್ಸ್ ನೋಡಿ, ಬಿಪಿ ಅಳೆದು, "ಏನಿಲ್ರಿ, ನಾಳ ತೆರೀತು ಅಂತ ಕಾಣ್ತದ" ಅಂದರೆ ಅದು ಸಮಾಧಾನಕ್ಕೆ ಹೇಳಿದ ಮಾತಾಗಿರಬೇಕಿಲ್ಲ. ಈ ಥರದ ಬಡಿತ ಬಹಳ ಸಲ ರಕ್ತ ವಾಪಸ್ ಬಂದದ್ದರ ಲಕ್ಷಣ, ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಅಪರೂಪಕ್ಕೆ ಕೆಟ್ಟ ಬಡಿತವೂ ಬರುತ್ತದೆ, ಆಗ ಶಾಕ್ ಕೊಡಬೇಕಾಗುತ್ತದೆ. ಅದಕ್ಕೇ ಈ ಸೂಜಿಯನ್ನು ಮನೆಯಲ್ಲೋ ಹಾದಿಯಲ್ಲಿ ಸಿಕ್ಕ ಕ್ಲಿನಿಕ್ಕಿನಲ್ಲೋ ಮಾಡುವುದಿಲ್ಲ, ಮಾನಿಟರ್ ಮತ್ತು ಶಾಕ್ ಯಂತ್ರ ಇರುವ ಕಡೆ ಮಾಡುತ್ತಾರೆ.

ಸತ್ತ ಕೋಶ ಕಳಿಸುವ ಸುದ್ದಿ

ಇಷ್ಟು ಮೊದಲ ಕೆಲವು ನಿಮಿಷಗಳ ಮಾತು. ಮುಂದಿನ ಗಂಟೆಗಳು, ದಿನಗಳು ರೋಗನಿರೋಧಕ ವ್ಯವಸ್ಥೆಯವು. ಸ್ಟೆಂಟ್ ಹಾಕಿದ ಮರುದಿನವೂ ಯಾಕೆ ಹಾನಿ ಮುಂದುವರಿಯುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ನಮ್ಮ ರೋಗನಿರೋಧಕ ಕೋಶಗಳು ಹೊರಗಿನ ಕ್ರಿಮಿಯನ್ನು ಹುಡುಕಿ ಹೊಡೆಯುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ. ಹೃದಯಾಘಾತದಲ್ಲಿ ಯಾವ ಕ್ರಿಮಿಯೂ ಇಲ್ಲ. ಹಾಗಿದ್ದೂ ಅವು ಯಾಕೆ ದಂಡೆತ್ತಿ ಬರುತ್ತವೆ? 1994ರಲ್ಲಿ ಪಾಲಿ ಮಾಟ್ಜಿಂಗರ್ ಅನ್ನುವ ವಿಜ್ಞಾನಿ ಒಂದು ವಾದ ಮುಂದಿಟ್ಟರು: ಈ ವ್ಯವಸ್ಥೆ ಮುಖ್ಯವಾಗಿ ನೋಡುವುದು ತನ್ನದು, ಪರರದು ಅಂತ ಅಲ್ಲ, ಅಪಾಯ ಇದೆಯೋ ಇಲ್ಲವೋ ಅಂತ. ಕೋಶ ಒಡೆದಾಗ ಒಳಗೇ ಇರಬೇಕಾದ ವಸ್ತುಗಳು ಹೊರಗೆ ಚೆಲ್ಲುತ್ತವೆ. ಎಟಿಪಿ, ನ್ಯೂಕ್ಲಿಯಸ್‌ನ ಎಚ್‌ಎಂಜಿಬಿ1 ಅನ್ನುವ ಪ್ರೊಟೀನು, ಮೈಟೊಕಾಂಡ್ರಿಯಾದ ಡಿಎನ್‌ಎ. ಹೊರಗೆ ಕಂಡರೆ ಇವೆಲ್ಲ ಅಪಾಯದ ಸಂಕೇತಗಳೇ. ಮೈಟೊಕಾಂಡ್ರಿಯಾದ ಡಿಎನ್‌ಎ ಅಂತೂ ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಯಾಕಂದರೆ ಮೈಟೊಕಾಂಡ್ರಿಯಾ ಬಂದದ್ದೇ ಕೋಟ್ಯಂತರ ವರ್ಷಗಳ ಹಿಂದೆ ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾದಿಂದ. ಹೀಗಾಗಿ ಹೃದಯದ ಸ್ವಂತ ಸ್ನಾಯು ಒಡೆದರೂ ದೇಹಕ್ಕೆ ಸೋಂಕು ಬಂದ ಹಾಗೆ ಕಾಣುತ್ತದೆ.

ಈ ಸಂಕೇತಗಳನ್ನು ಹಿಡಿಯುವ ಗ್ರಾಹಕಗಳಲ್ಲಿ, ಅಂದರೆ ರಿಸೆಪ್ಟರುಗಳಲ್ಲಿ, ಟೋಲ್ ಅನ್ನುವ ಕುಟುಂಬ ಮುಖ್ಯ. ಇವುಗಳ ಮೇಲಿನ ಕೆಲಸಕ್ಕೆ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಟೋಲ್ ಗ್ರಾಹಕ ಎಚ್ಚರವಾದರೆ ಕೋಶದೊಳಗೆ ಉರಿಯೂತದ ಪ್ರೊಟೀನುಗಳ ತಯಾರಿ ಶುರು. ಇದರ ಜೊತೆ ಇನ್‌ಫ್ಲಮಸೋಮ್ ಅನ್ನುವ ಇನ್ನೊಂದು ಜೋಡಣೆ ಎದ್ದು ಕೂತು ಐಎಲ್-1 ಬೀಟಾ ಅನ್ನುವ ಸಂದೇಶವಾಹಕವನ್ನು ಹರಿತ ಮಾಡಿ ಹೊರಗೆ ಬಿಡುತ್ತದೆ. ರಕ್ತದಲ್ಲಿ ಮೊದಲಿನಿಂದಲೇ ಇರುವ ಕಾಂಪ್ಲಿಮೆಂಟ್ ಪ್ರೊಟೀನುಗಳೂ ಸರಪಳಿಯಾಗಿ ಎಚ್ಚರವಾಗುತ್ತವೆ. ಇವೆಲ್ಲ ಸೇರಿ ಹೇಳುವುದು ಒಂದೇ: ಇಲ್ಲಿ ಬನ್ನಿ.

ಮೊದಲು ಬರುವುದು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ. ರಕ್ತನಾಳದ ಒಳಗೋಡೆಯ ಕೋಶಗಳು ಸಾಮಾನ್ಯವಾಗಿ ನುಣ್ಣಗಿರುತ್ತವೆ, ಏನೂ ಅಂಟುವುದಿಲ್ಲ. ಅಪಾಯದ ಸಂಕೇತ ಬಂದ ಕೆಲವೇ ನಿಮಿಷದಲ್ಲಿ ಅವು ಪಿ-ಸೆಲೆಕ್ಟಿನ್ ಅನ್ನುವ ಅಂಟನ್ನು ಮೇಲ್ಮೈಗೆ ತರುತ್ತವೆ. ರಭಸದಲ್ಲಿ ಹೋಗುತ್ತಿದ್ದ ನ್ಯೂಟ್ರೋಫಿಲ್ ಅದಕ್ಕೆ ತಗುಲಿ ನಿಧಾನವಾಗುತ್ತದೆ, ಗೋಡೆಯ ಮೇಲೆ ಉರುಳುತ್ತದೆ, ಆಮೇಲೆ ಇನ್ನೂ ಗಟ್ಟಿ ಅಂಟಿಗೆ ಸಿಕ್ಕಿ ನಿಲ್ಲುತ್ತದೆ, ಚಪ್ಪಟೆಯಾಗಿ ಎರಡು ಕೋಶಗಳ ಸಂದಿನಲ್ಲಿ ನುಸುಳಿ ಸ್ನಾಯುವಿನೊಳಗೆ ಇಳಿಯುತ್ತದೆ. ಅಲ್ಲಿ ಸತ್ತ ಕೋಶಗಳನ್ನು ಕರಗಿಸುವ ಕಿಣ್ವಗಳನ್ನು ಸುರಿಯುತ್ತದೆ. ಸತ್ತದ್ದು ಯಾವುದು, ಇನ್ನೂ ಕುಟುಕುಜೀವ ಹಿಡಿದಿರುವುದು ಯಾವುದು ಅಂತ ಅದು ಅಷ್ಟು ಬಿಡಿಸಿ ನೋಡುವುದಿಲ್ಲ. ಪಕ್ಕದಲ್ಲಿದ್ದದ್ದಕ್ಕೂ ಪೆಟ್ಟು ಬೀಳುತ್ತದೆ.

ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯ ಹಾಗೆ ಹೊರಗೆ ಎಸೆಯುತ್ತವೆ. ಕ್ರಿಮಿ ಹಿಡಿಯಲು ಆ ಬಲೆ ಒಳ್ಳೆಯದೇ. ಸಣ್ಣ ರಕ್ತನಾಳದೊಳಗೆ ಅದೇ ಬಲೆ ಪ್ಲೇಟ್‌ಲೆಟ್ ಅನ್ನುವ, ಹೆಪ್ಪು ಕಟ್ಟಿಸುವ ಕಣಗಳನ್ನು ಹಿಡಿದುಕೊಂಡು ಹೊಸ ಹೆಪ್ಪು ಕಟ್ಟಿಸುತ್ತದೆ.

ದೊಡ್ಡ ನಾಳ ತೆರೆದಿದೆ, ಸಣ್ಣವು ಮುಚ್ಚಿವೆ

ಆಂಜಿಯೋಗ್ರಾಮ್, ಅಂದರೆ ಹೃದಯದ ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ ಸಿನಿಮಾದಲ್ಲಿ ನಾಳ ಚೆನ್ನಾಗಿ ತೆರೆದಿದೆ ಅಂತ ಕಂಡರೂ ಸ್ನಾಯುವಿಗೆ ರಕ್ತ ಸಿಗದೇ ಇರಬಹುದು. ಇದಕ್ಕೆ ನೋ-ರಿಫ್ಲೋ ಅಂತಾರೆ. ಕಣ್ಣಿಗೆ ಕಾಣುವ ನಾಳದ ಮುಂದೆ ಕಣ್ಣಿಗೆ ಕಾಣದ ಲಕ್ಷಾಂತರ ಲೋಮನಾಳಗಳಿವೆ. ಅವುಗಳ ಗೋಡೆ ಊದಿಕೊಂಡಿರುತ್ತದೆ, ಸುತ್ತಲಿನ ಸ್ನಾಯು ನೀರು ತುಂಬಿ ಒತ್ತುತ್ತಿರುತ್ತದೆ, ಒಳಗೆ ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಬಲೂನಿನಿಂದ ಒಡೆದು ಬಂದ ಹೆಪ್ಪಿನ ಚೂರು. "ಬ್ಲಾಕ್ ತೆಗೆದಿದ್ದರು, ಆದರೂ" ಅನ್ನುವ ಸುದ್ದಿಗಳ ಹಿಂದೆ ಕೆಲವು ಸಲ ಇರುವುದು ಇದೇ. ಎಲ್ಲ ಸಾವಿಗೂ ಇದೇ ಕಾರಣ ಅಂತಲ್ಲ. ತಡವಾಗಿ ಬಂದದ್ದು, ಹೃದಯದ ದೊಡ್ಡ ಭಾಗ ಮೊದಲೇ ಸತ್ತಿದ್ದದ್ದು, ಬಡಿತ ತಪ್ಪಿದ್ದು, ಕಿಡ್ನಿ ಕೈಕೊಟ್ಟದ್ದು, ಹೀಗೆ ಬೇರೆ ಕಾರಣಗಳೂ ಇರುತ್ತವೆ. ನಾಳ ತೆರೆಯಿತು ಅಂದಾಕ್ಷಣ ಸ್ನಾಯು ಉಳಿಯಿತು ಅಂತ ಅರ್ಥವಲ್ಲ, ಅಷ್ಟೇ.

ಹಾಗಾದರೆ ಸೂಜಿ ಬೇಡವಾ?

ಬೇಕು. ಸ್ವಲ್ಪ ಲೆಕ್ಕ ನೋಡಿ.

ಇಟಲಿಯಲ್ಲಿ ಸುಮಾರು 12 ಸಾವಿರ ಹೃದಯಾಘಾತದ ರೋಗಿಗಳ ಮೇಲೆ ನಡೆದ ಜಿಸ್ಸಿ ಅನ್ನುವ ಪ್ರಯೋಗದ ಫಲ 1986ರಲ್ಲಿ ಬಂತು. ಅರ್ಧ ಜನಕ್ಕೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್, ಉಳಿದವರಿಗೆ ಆಗಿನ ಮಾಮೂಲಿ ಚಿಕಿತ್ಸೆ. 21 ದಿನದಲ್ಲಿ ಸಾವು ಶೇ 13ರಿಂದ 10.7ಕ್ಕೆ ಇಳಿಯಿತು. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧದಷ್ಟಾಯಿತು. ರಕ್ತ ವಾಪಸ್ ಬಂದಾಗ ಆಗುವ ಹಾನಿ ಈ ಜನಕ್ಕೂ ಆಗಿರಲೇಬೇಕು. ಅದನ್ನೆಲ್ಲ ಕಳೆದ ಮೇಲೂ ಉಳಿದ ಲಾಭ ಇದು.

ಯಾಕೆ ಹೀಗೆ ಅನ್ನುವುದನ್ನು ಅಮೆರಿಕದ ರೈಮರ್ ಮತ್ತು ಜೆನಿಂಗ್ಸ್ 1977ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಿದ್ದರು. ನಾಳ ಮುಚ್ಚಿದರೆ ಸ್ನಾಯು ಒಂದೇ ಸಲ ಸಾಯುವುದಿಲ್ಲ. ಸಾವು ಒಳಪದರದಲ್ಲಿ ಶುರುವಾಗಿ ಗಂಟೆಗಳ ಮೇಲೆ ಹೊರಪದರದ ಕಡೆ ಸರಿಯುತ್ತದೆ. ನಾಳ ತೆರೆಯದಿದ್ದರೆ ಕೊನೆಗೆ ಆ ಭಾಗ ಪೂರ್ತಿ ಹೋಗುತ್ತದೆ. ನಾಳ ತೆರೆದರೆ ನಡುವೆ ಎಲ್ಲೋ ನಿಲ್ಲುತ್ತದೆ. ಬೇಗ ತೆರೆದಷ್ಟೂ ಒಳಗೆ ಜಮೆಯಾದ ಕ್ಯಾಲ್ಸಿಯಂ, ಸಕ್ಸಿನೇಟ್ ಕಡಿಮೆ, ಒಡೆದ ಕೋಶ ಕಡಿಮೆ, ಅಪಾಯದ ಸಂಕೇತ ಕಡಿಮೆ, ಬರುವ ನ್ಯೂಟ್ರೋಫಿಲ್ ಕಡಿಮೆ. ಮರುಹರಿವಿನ, ಅಂದರೆ ರಕ್ತ ವಾಪಸ್ ಬಂದಾಗಿನ, ಹಾನಿಗೆ ಸದ್ಯಕ್ಕೆ ಇರುವ ಒಳ್ಳೆಯ ಔಷಧ ಬೇಗ ಮರುಹರಿವು ಮಾಡುವುದೇ. ಕೇಳಲು ತಮಾಷೆ ಅನ್ನಿಸುತ್ತದೆ, ಆದರೆ ಇಷ್ಟು ವರ್ಷಗಳ ಸಂಶೋಧನೆ ಬಂದು ನಿಂತಿರುವುದು ಅಲ್ಲೇ.

ಸೂಜಿಗೆ ಅದರದೇ ಅಪಾಯ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಸಾವಿರದಲ್ಲಿ ಕೆಲವರಿಗೆ. ಹಿಂದೆ ಮೆದುಳಲ್ಲಿ ರಕ್ತಸ್ರಾವ ಆದವರಿಗೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ, ಬಿಪಿ ಹತೋಟಿಗೆ ಬಾರದವರಿಗೆ ಇದನ್ನು ಕೊಡುವುದಿಲ್ಲ ಅಥವಾ ಯೋಚಿಸಿ ಕೊಡುತ್ತಾರೆ. ಡಾಕ್ಟರು ಇಂಥ ಪ್ರಶ್ನೆ ಕೇಳಿದಾಗ "ಮೊದ್ಲು ಸೂಜಿ ಮಾಡ್ರಿ, ಆಮ್ಯಾಲೆ ಕೇಳ್ರಿ" ಅಂತ ಜಗಳ ತೆಗೆಯಬೇಡಿ.

ಉರಿಯೂತ ತಡೆಯುವ ಔಷಧ ಯಾಕಿಲ್ಲ

ಕಾರಣ ಇಷ್ಟು ಚೆನ್ನಾಗಿ ಗೊತ್ತಿದ್ದರೆ ಔಷಧ ಕಂಡುಹಿಡಿಯಬಹುದಿತ್ತಲ್ವಾ? ಪ್ರಯತ್ನ ಕಡಿಮೆಯಾಗಿಲ್ಲ. ಈ ಕ್ಷೇತ್ರದ ಚರಿತ್ರೆ ಅಂದರೆ ಪ್ರಾಣಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳ ಪಟ್ಟಿ.

ಆಸೆ ಹುಟ್ಟಿಸಿದ್ದು 1986ರ ಒಂದು ಪ್ರಯೋಗ. ಚಾರ್ಲ್ಸ್ ಮರ್ರಿ, ಜೆನಿಂಗ್ಸ್, ರೈಮರ್ ಅನ್ನುವ ಸಂಶೋಧಕರು ನಾಯಿಗಳ ಹೃದಯನಾಳವನ್ನು ಐದು ನಿಮಿಷ ಮುಚ್ಚಿ ಐದು ನಿಮಿಷ ಬಿಟ್ಟರು. ಹೀಗೆ ನಾಲ್ಕು ಸಲ. ಆಮೇಲೆ 40 ನಿಮಿಷ ಮುಚ್ಚಿದರು. ಹಾನಿ ಜಾಸ್ತಿಯಾಗುತ್ತದೆ ಅಂದುಕೊಂಡರೆ, ಸುಮ್ನೆ 40 ನಿಮಿಷ ಮುಚ್ಚಿದ ನಾಯಿಗಳಿಗೆ ಆದ ಹಾನಿಯ ಕಾಲು ಭಾಗ ಮಾತ್ರ ಆಗಿತ್ತು. ಸಣ್ಣ ಕಷ್ಟ ಕೊಟ್ಟರೆ ಕೋಶ ದೊಡ್ಡ ಕಷ್ಟಕ್ಕೆ ತಯಾರಾಗುತ್ತದೆ ಅಂತಾಯಿತು. ಮುಂದೆ, ಹೃದಯವನ್ನು ಮುಟ್ಟದೆ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಉಬ್ಬಿಸಿ ಬಿಟ್ಟರೂ ಹೃದಯಕ್ಕೆ ಸಂದೇಶ ಮುಟ್ಟುತ್ತದೆ ಅಂತ ಕಂಡಿತು. ಇಷ್ಟು ಅಗ್ಗದ ಚಿಕಿತ್ಸೆ ಇನ್ನೆಲ್ಲಿ ಸಿಗಬೇಕು ಹೇಳಿ. ಆದರೆ 2019ರಲ್ಲಿ ಯುರೋಪಿನ ನಾಲ್ಕು ದೇಶಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ನೋಡಿದಾಗ ಒಂದು ವರ್ಷದ ನಂತರ ಯಾವ ಫರಕೂ ಕಾಣಲಿಲ್ಲ.

ಮೈಟೊಕಾಂಡ್ರಿಯಾದ ರಂಧ್ರ ಮುಚ್ಚುವ ಸೈಕ್ಲೋಸ್ಪೋರಿನ್ ಕತೆಯೂ ಅಷ್ಟೆ. 2008ರಲ್ಲಿ 58 ರೋಗಿಗಳಲ್ಲಿ ಒಳ್ಳೆಯ ಫಲ ಕಂಡಿತು, 2015ರಲ್ಲಿ 970 ಜನರಲ್ಲಿ ನೋಡಿದಾಗ ಏನೂ ಇಲ್ಲ. ಕಾಂಪ್ಲಿಮೆಂಟ್ ತಡೆಯುವ ಪೆಕ್ಸೆಲಿಜುಮ್ಯಾಬ್ 2007ರಲ್ಲೇ ಐದು ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಸೋತಿತ್ತು.

ಇಲ್ಲಿ ತಜ್ಞರು ಎರಡಾಗುತ್ತಾರೆ. ಒಂದು ಕಡೆಯವರ ಮಾತು: ಮರುಹರಿವಿನ ಹಾನಿ ಮನುಷ್ಯರಲ್ಲೂ ನಿಜ, ನಾವು ತಪ್ಪು ರೋಗಿಗಳಿಗೆ, ತಪ್ಪು ಹೊತ್ತಿನಲ್ಲಿ, ಒಂದೊಂದೇ ಔಷಧ ಕೊಟ್ಟು ನೋಡಿದ್ದೇವೆ. ಪ್ರಯೋಗದ ಪ್ರಾಣಿ ಎಳೆಯದು, ಆರೋಗ್ಯವಾಗಿದೆ. ದವಾಖಾನೆಗೆ ಬರುವ ಮನುಷ್ಯನಿಗೆ ಅರವತ್ತು ವರ್ಷ, ಶುಗರ್ ಇದೆ, ಬಿಪಿ ಇದೆ, ಆಗಲೇ ಹೊಟ್ಟೆಯಲ್ಲಿ ನಾಲ್ಕು ಥರದ ಮಾತ್ರೆ ಇವೆ. ಇನ್ನೊಂದು ಕಡೆಯವರು ಹೇಳುವುದು: ಬೇಗ ನಾಳ ತೆರೆದು, ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಒಳ್ಳೆಯ ಮಾತ್ರೆ ಕೊಟ್ಟ ಮೇಲೆ ಉಳಿಯುವ ಹಾನಿ ಅಷ್ಟು ದೊಡ್ಡದಲ್ಲ, ಅದರ ಹಿಂದೆ ಹೋಗುವುದಕ್ಕಿಂತ ಆಂಬುಲೆನ್ಸಿಗೆ ದುಡ್ಡು ಹಾಕಿ. ನನಗೆ ಕಂಡ ಹಾಗೆ ವಿಜ್ಞಾನದಲ್ಲಿ ಮೊದಲ ವಾದಕ್ಕೆ ಬಲ ಇದೆ, ಆದರೆ ಇಂಡಿ, ಮುದ್ದೇಬಿಹಾಳ, ಅಥಣಿಯಂಥ ಊರಿನ ರೋಗಿಗೆ ಇವತ್ತು ಉಪಯೋಗಕ್ಕೆ ಬರುವುದು ಎರಡನೆಯದು.

ಉರಿಯೂತವನ್ನೇ ಅದುಮಿಬಿಡೋಣ ಅನ್ನುವ ಆಸೆಗೆ ಇನ್ನೊಂದು ತೊಡಕಿದೆ. ಅದೇ ಉರಿಯೂತದಿಂದಲೇ ಗಾಯ ಮಾಯುತ್ತದೆ. ಮೊದಲ ಕೆಲವು ದಿನ ಕಸ ತೆಗೆಯುವ ಮ್ಯಾಕ್ರೋಫೇಜ್ ಕೋಶಗಳು ಇರುತ್ತವೆ, ವಾರದ ಹೊತ್ತಿಗೆ ಅವುಗಳ ಸ್ವಭಾವ ಬದಲಾಗಿ ಗಾಯದ ಕಲೆ ಕಟ್ಟುವ ಕೆಲಸ ಶುರುವಾಗುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿ ಕಲೆ ಕೂರದಿದ್ದರೆ ಹೃದಯದ ಗೋಡೆ ತೆಳುವಾಗಿ ಉಬ್ಬಬಹುದು, ಒಡೆಯಲೂಬಹುದು. 1970ರ ದಶಕದಲ್ಲಿ ಸ್ಟಿರಾಯ್ಡ್ ಕೊಟ್ಟು ನೋಡಿದಾಗ ಈ ಭಯವೇ ಅದನ್ನು ನಿಲ್ಲಿಸಿತು.

ಐಎಲ್-1 ಬೀಟಾ ಒಂದನ್ನೇ ತಡೆಯುವ ಕ್ಯಾನಕಿನುಮ್ಯಾಬ್ ಅನ್ನು, ಹಿಂದೆ ಹೃದಯಾಘಾತ ಆಗಿದ್ದ ಹತ್ತು ಸಾವಿರ ಜನರಲ್ಲಿ ನೋಡಿದ ಪ್ರಯೋಗದ ಫಲ 2017ರಲ್ಲಿ ಬಂತು. ನಡುವಿನ ಡೋಸಿನಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಶೇ 15ರಷ್ಟು ಕಡಿಮೆ. ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು, ಒಟ್ಟು ಸಾವು ಇಳಿಯಲಿಲ್ಲ. ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಹಳೆಯ ಅಗ್ಗದ ಮಾತ್ರೆ ಕಾಲ್ಚಿಸಿನ್ ಕೂಡ ಕಣದಲ್ಲಿದೆ. 2019ರಲ್ಲಿ, ಹೃದಯಾಘಾತವಾದ ತಿಂಗಳೊಳಗೆ ಶುರು ಮಾಡಿದ 4,745 ರೋಗಿಗಳ ಪ್ರಯೋಗದಲ್ಲಿ ತೊಂದರೆಗಳು ಶೇ 7.1ರಿಂದ 5.5ಕ್ಕೆ ಇಳಿದವು. 2024ರಲ್ಲಿ ಏಳು ಸಾವಿರ ಜನರ ಇನ್ನೊಂದು ಪ್ರಯೋಗದಲ್ಲಿ ಏನೂ ವ್ಯತ್ಯಾಸ ಇಲ್ಲ. ವಾದ ಮುಂದುವರಿದಿದೆ. ಈ ಮಾತ್ರೆಯ ಡೋಸ್ ಸ್ವಲ್ಪ ತಪ್ಪಿದರೂ ವಿಷ, ಆದ್ದರಿಂದ ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಬೇಡಿ.

ಹೃದಯಕ್ಕಷ್ಟೇ ಅಲ್ಲ

ಮೆದುಳಿನಲ್ಲೂ ಇದೇ ನಡೆಯುತ್ತದೆ, ಇನ್ನೂ ವೇಗವಾಗಿ. ಪಾರ್ಶ್ವವಾಯುವಿಗೆ ಕರಗಿಸುವ ಸೂಜಿಯ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ತಡವಾಗಿ ರಕ್ತ ಬಿಟ್ಟರೆ ಹಾಳಾದ ನಾಳದ ಗೋಡೆಯಿಂದ ರಕ್ತ ಸೋರಿ ಮೆದುಳು ಊದುತ್ತದೆ. ಕಸಿ ಮಾಡಿದ ಕಿಡ್ನಿ ಮೊದಲ ಕೆಲವು ದಿನ ಮೂತ್ರ ಮಾಡದೆ ಡಯಾಲಿಸಿಸ್ ಬೇಕಾಗುವುದಕ್ಕೂ ಬಹಳ ಸಲ ಇದೇ ಕಾರಣ. ಅಂಗ ಐಸ್ ಪೆಟ್ಟಿಗೆಯಲ್ಲಿ ಕಳೆದ ಗಂಟೆಗಳಿಗೆ ಅಷ್ಟು ಬೆಲೆ, ಹಸಿರು ಕಾರಿಡಾರ್ ಮಾಡಿ ಪೊಲೀಸರು ರಸ್ತೆ ಬಿಡಿಸುವುದು ಅದಕ್ಕೇ.

ಕಬ್ಬಿನ ಸೀಮೆಗೆ ಹತ್ತಿರದ ಎರಡು ಸಂಗತಿ ಇವೆ. ಕಬ್ಬು ಕಡಿಯುವಾಗ ಹಾವು ಕಚ್ಚಿದರೆ ಕಾಲಿಗೆ ಹಗ್ಗವೋ ಟವೆಲ್ಲೋ ಎಳೆದು ಬಿಗಿಯುವುದು ಇನ್ನೂ ನಡೆದಿದೆ. ಕಾಲು ನೀಲಿಗಟ್ಟುವ ಹಾಗೆ ಕಟ್ಟಿದರೆ ಅದು ರಕ್ತ ನಿಲ್ಲಿಸಿದ ಹಾಗೆಯೇ. ಗಂಟೆಗಟ್ಟಲೆ ಹಾಗೇ ಇದ್ದರೆ ಕೆಳಗಿನ ಸ್ನಾಯು ಸಾಯಲು ಶುರು. ಆಮೇಲೆ ದಾರಿಯಲ್ಲಿ ಯಾರೋ ಕನಿಕರಪಟ್ಟು ಪಟ್ಟನೆ ಬಿಚ್ಚಿದರೆ ತಡೆದಿದ್ದ ವಿಷವೂ ಸತ್ತ ಸ್ನಾಯುವಿನ ಹುಳಿ, ಪೊಟ್ಯಾಶಿಯಂ ಎಲ್ಲವೂ ಒಟ್ಟಿಗೆ ಹೃದಯದ ಕಡೆ ನುಗ್ಗುತ್ತವೆ. ಕಟ್ಟಲೇಬಾರದು ಅನ್ನುವುದು ಈಗಿನ ವೈದ್ಯರ ಮಾತು. ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ, ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ, ವಿಷಕ್ಕೆ ಮದ್ದು ತಯಾರಿರುವಾಗ ಬಿಚ್ಚಿಸಬೇಕು.

ಎರಡನೆಯದು ಟ್ರ್ಯಾಕ್ಟರ್. ಹಂಗಾಮಿನಲ್ಲಿ ಕಬ್ಬಿನ ಟ್ರಾಲಿ ಮಗುಚಿ ಅದರಡಿ ಕಾಲು ಸಿಕ್ಕಿಕೊಂಡವನು ಗಂಟೆಗಟ್ಟಲೆ ಮಾತಾಡುತ್ತಲೇ ಇರುತ್ತಾನೆ, ಜೆಸಿಬಿ ತಂದು ಟ್ರಾಲಿ ಎತ್ತಿದ ಮೇಲೆ ಕುಸಿದು ಬೀಳುತ್ತಾನೆ. 1941ರಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದ ದಿನಗಳಲ್ಲಿ ಎರಿಕ್ ಬೈವಾಟರ್ಸ್ ಅನ್ನುವ ಡಾಕ್ಟರು ಇದನ್ನೇ ವಿವರಿಸಿದ್ದರು: ಅವಶೇಷದಡಿಯಿಂದ ಜೀವಂತ ತೆಗೆದವರು ಕೆಲವು ದಿನಕ್ಕೆ ಕಿಡ್ನಿ ನಿಂತು ಸಾಯುತ್ತಿದ್ದರು. ಜಜ್ಜಿದ ಸ್ನಾಯುವಿನ ಮಯೊಗ್ಲೋಬಿನ್ ಅನ್ನುವ ಪ್ರೊಟೀನು ಕಿಡ್ನಿಯನ್ನು ಹಾಳುಮಾಡುತ್ತದೆ, ಪೊಟ್ಯಾಶಿಯಂ ಹೃದಯವನ್ನು ನಿಲ್ಲಿಸುತ್ತದೆ. ಹೊತ್ತು ಬಹಳ ಆಗಿದ್ದರೆ ಭಾರ ಎತ್ತುವ ಮೊದಲೇ 108ರ ಸಿಬ್ಬಂದಿಗೆ ಸಲೈನ್ ಹಚ್ಚಲು ಬಿಡಬೇಕು ಅನ್ನುವುದು ಇದರಿಂದಲೇ.

ನಮ್ಮ ಜಿಲ್ಲೆಗಳಲ್ಲಿ ಇದರಿಂದ ಏನು ಬದಲಾಗಬೇಕು

ಎದೆ ಹಿಡಿದರೆ ಮೊದಲು "ಗ್ಯಾಸ್ ಆಗೇತಿ, ಸೋಡಾ ಕುಡಿ". ಅದು ಆದ ಮೇಲೆ ದೊಡ್ಡ ಊರಿಗೆ ಓಟ. ಅಥಣಿ, ರಾಯಬಾಗದ ಕಡೆಯವರು ಮಿರಜಿಗೆ, ಇಂಡಿಯವರು ಸೊಲ್ಲಾಪುರಕ್ಕೆ, ಉಳಿದವರು ಬೆಳಗಾವಿಗೋ ವಿಜಯಪುರಕ್ಕೋ ಹೋಗುತ್ತಾರೆ. ದೊಡ್ಡ ದವಾಖಾನೆ ಅಂದರೆ ಒಳ್ಳೆಯದು ಅನ್ನುವ ನಂಬಿಕೆ ತಪ್ಪೇನಲ್ಲ. ಆದರೆ ದಾರಿಯಲ್ಲಿ ಸಿಗುವ ತಾಲ್ಲೂಕು ಆಸ್ಪತ್ರೆಯ ಮುಂದೆಯೇ ಗಾಡಿ ಹೋಗಿಬಿಡುತ್ತದೆ.

ನೇರವಾಗಿ ಬಲೂನು, ಸ್ಟೆಂಟ್ ಮಾಡುವುದು ಸೂಜಿಗಿಂತ ಒಳ್ಳೆಯದು, ಎರಡು ಗಂಟೆಯೊಳಗೆ ಆಗುವುದಾದರೆ. ರೋಗ ಗುರುತಿಸಿದಾಗಿನಿಂದ ನಾಳ ತೆರೆಯುವ ತನಕ ಎರಡು ಗಂಟೆ ಮೀರುತ್ತದೆ ಅಂದರೆ ಮೊದಲು ಸೂಜಿ, ಆಮೇಲೆ ಪ್ರಯಾಣ ಅನ್ನುವುದು ಜಗತ್ತಿನ ಹೃದಯ ತಜ್ಞರು ಒಪ್ಪಿರುವ ದಾರಿ. ಆಂಬುಲೆನ್ಸ್ ಹುಡುಕುವುದು, ರಸ್ತೆ, ಅಡ್ಮಿಷನ್, ಕ್ಯಾಥ್ ಲ್ಯಾಬ್ ತಯಾರಿ ಎಲ್ಲ ಕೂಡಿಸಿ ನೋಡಿದರೆ ನಮ್ಮ ಬಹಳಷ್ಟು ಹಳ್ಳಿಗಳು ಈ ಎರಡನೇ ಲೆಕ್ಕಕ್ಕೇ ಬರುತ್ತವೆ. ಟೆನೆಕ್ಟಪ್ಲೇಸ್ ಅನ್ನು ತೂಕ ನೋಡಿ ಒಂದೇ ಸಲ, ಹತ್ತು ಸೆಕೆಂಡಿನಲ್ಲಿ ಕೊಟ್ಟು ಮುಗಿಸಬಹುದು. ತಾಲ್ಲೂಕು ಮಟ್ಟಕ್ಕೆ ಇದನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ.

ಸೂಜಿ ಆಯಿತು, ನೋವು ಹೋಯಿತು ಅಂತ ಮನೆಗೆ ಹೊರಡುವುದು ಈಗ ಕಾಣುವ ಹೊಸ ತಪ್ಪು. ಹೆಪ್ಪು ಕರಗಿದರೂ ಅದು ಕಟ್ಟಿದ ಜಾಗ ಹಾಗೇ ಇರುತ್ತದೆ, ಮತ್ತೆ ಮುಚ್ಚಬಹುದು. ಸೂಜಿ ಫಲ ಕೊಟ್ಟಿದ್ದರೆ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಆಗಬೇಕು, ಕೊಡದಿದ್ದರೆ ತಕ್ಷಣ. ಫಲ ಕೊಟ್ಟಿದೆಯೋ ಇಲ್ಲವೋ ಅಂತ ಮುಂದಿನ ಆಸ್ಪತ್ರೆಯವರಿಗೆ ಗೊತ್ತಾಗುವುದು ಎರಡು ಇಸಿಜಿ ಹೋಲಿಸಿದಾಗ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಿಂದ ಹೊರಡುವಾಗ ಸೂಜಿಗೆ ಮೊದಲಿನ ಇಸಿಜಿ, ಒಂದೂವರೆ ಗಂಟೆ ಆದ ಮೇಲಿನ ಇಸಿಜಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ನೋವು ಶುರುವಾದ ಹೊತ್ತು, ಸೂಜಿ ಮಾಡಿದ ಹೊತ್ತು ಚೀಟಿಯ ಮೇಲೆ ಬರೆಸಿಕೊಳ್ಳಿ. ಮಿರಜಿಗೇ ಹೋಗಿ, ಬೆಳಗಾವಿಗೇ ಹೋಗಿ, ಅಲ್ಲಿಯ ಡಾಕ್ಟರು ಮೊದಲು ಕೇಳುವುದು ಆ ಎರಡು ಹೊತ್ತನ್ನೇ.